ಬೆಂಗಳೂರಿನ ಓಡಾಟದಲ್ಲೇ ಇಂಗ್ಲಿಷ್ ಕಲಿಯುವುದು ಹೇಗೆ? ಕನ್ನಡ ಮೀಡಿಯಂನವರಿಗೊಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿಗೆ ಹೋದರೆ ಇಂಗ್ಲಿಷ್ ತಾನಾಗೇ ಬರುತ್ತದೆ ಅಂತ ಊರಲ್ಲಿ ಹೇಳಿ ಕಳಿಸುತ್ತಾರೆ. ಬರುವುದಿಲ್ಲ. ಇಲ್ಲಿ ಇಪ್ಪತ್ತು ವರ್ಷ ಇದ್ದೂ ಇಂಗ್ಲಿಷಿನಲ್ಲಿ ಎರಡು ವಾಕ್ಯ ಜೋಡಿಸಲು ತಡಕಾಡುವವರು ಬೇಕಾದಷ್ಟು ಜನ ಇದ್ದಾರೆ. ಅದು ಅವರ ತಪ್ಪೂ ಅಲ್ಲ. ಕನ್ನಡದಲ್ಲೇ ಬಾಡಿಗೆ ಮನೆ ಸಿಗುತ್ತದೆ, ಬಸ್ಸು ಸಿಗುತ್ತದೆ, ತರಕಾರಿ ಸಿಗುತ್ತದೆ. ಉಳಿದ ಕಡೆ ಹರುಕು ಮುರುಕು ಹಿಂದಿ ಸಾಕಾಗುತ್ತದೆ. ಇಂಗ್ಲಿಷ್ ಸುತ್ತಮುತ್ತ ಹರಿದಾಡುತ್ತಿರುತ್ತದೆ, ನಮಗೆ ಅದರ ಗೊಡವೆ ಇರುವುದಿಲ್ಲ.

ಹಾಗಾಗಿ ಏರ್ಪಾಡು ನಾವೇ ಮಾಡಿಕೊಳ್ಳಬೇಕು. ಈ ಬರಹ ಆ ಏರ್ಪಾಡಿನ ಬಗ್ಗೆ. ಹತ್ತನೇ ಕ್ಲಾಸೋ ಪಿಯುಸಿಯೋ ಕನ್ನಡದಲ್ಲಿ ಓದಿ, ಕೊಪ್ಪಳದಿಂದಲೋ ಚಾಮರಾಜನಗರದಿಂದಲೋ ಕೆಲಸಕ್ಕೆ ಬಂದವರು, ಇಂಗ್ಲಿಷ್ ಅಕ್ಷರ ಓದಲು ಬಂದರೂ ಬಾಯಿ ತೆರೆಯಲು ಹಿಂಜರಿಯುವವರು ನನ್ನ ಮನಸ್ಸಿನಲ್ಲಿದ್ದಾರೆ.

ಇಡೀ ಬರಹದಲ್ಲಿ ನಾನು ಹಿಡಿದಿರುವ ದಾರಿ ಒಂದೇ. ವಿಷಯ ಮೊದಲೇ ಗೊತ್ತಿರಬೇಕು, ಭಾಷೆ ಮಾತ್ರ ಹೊಸದಾಗಿರಬೇಕು. ಗೊತ್ತಿಲ್ಲದ ವಿಷಯವನ್ನು ಗೊತ್ತಿಲ್ಲದ ಭಾಷೆಯಲ್ಲಿ ಕಲಿಯಲು ಹೋದರೆ ಎರಡೂ ತಲೆಗೆ ಹತ್ತುವುದಿಲ್ಲ. ಇಂಗ್ಲಿಷ್ ಸಿನಿಮಾ ನೋಡಿ, ಇಂಗ್ಲಿಷ್ ಕಾದಂಬರಿ ಓದಿ ಅಂತ ಸಲಹೆ ಕೊಡುವವರು ಈ ತೊಂದರೆ ಮರೆತಿರುತ್ತಾರೆ.

ಹಂತ 1: ನೀವು ಎಲ್ಲಿ ಸಿಕ್ಕಿಬೀಳುತ್ತೀರಿ, ಬರೆದಿಡಿ

ಒಂದು ವಾರ ಸುಮ್ನೆ ಗಮನಿಸಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಇಂಗ್ಲಿಷ್ ಬೇಕಾಗಿ ನೀವು ಹಿಂದೆ ಸರಿದ ಜಾಗ ಯಾವುವು? ಮಗುವಿನ ಸ್ಕೂಲಿನ ಮೀಟಿಂಗಾ, ಆಫೀಸಿನ ಲಿಫ್ಟಾ, ಶೋರೂಮಿಗೆ ಬರುವ ಕಸ್ಟಮರಾ, ಕೆಲಸದ ಬಗ್ಗೆ ಬರುವ ಫೋನಾ? ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪಟ್ಟಿ ಚಿಕ್ಕದೇ ಇರುತ್ತದೆ, ನೋಡಿ. ನಮಗೆ ಬೇಕಾದ ಇಂಗ್ಲಿಷ್ ಸಮುದ್ರವೇನಲ್ಲ, ನಾಲ್ಕೈದು ಜಾಗದ ಮಾತು ಅಷ್ಟೇ.

ಆ ಪಟ್ಟಿಯಲ್ಲಿ ತೀರಾ ಸುಲಭದ್ದನ್ನು ಮೊದಲು ಹಿಡಿಯಿರಿ. ಇಂಟರ್‌ವ್ಯೂ ಕೊನೆಗಿರಲಿ.

ನೋಟ್‌ಬುಕ್ಕಿನ ಬಗ್ಗೆ ಇನ್ನೊಂದು ಮಾತು. ಇಂಗ್ಲಿಷ್ ಸ್ಪೆಲ್ಲಿಂಗ್ ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಬರೆದುಕೊಳ್ಳಲು ಸಂಕೋಚ ಬೇಡ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಉಚ್ಚಾರಣೆ ಊಹಿಸುವುದು ನಂಬುವಂಥ ಕೆಲಸ ಅಲ್ಲ. ನಮ್ಮ ಲಿಪಿ ಹೇಳಿದ್ದನ್ನು ಹೇಳಿದ ಹಾಗೇ ಹಿಡಿದಿಡುತ್ತದೆ. ಆದರೆ ಬೋರ್ಡಿನಿಂದ ಅಲ್ಲ, ಯಾರಾದರೂ ಹೇಳಿದ್ದನ್ನು ಕೇಳಿ ಬರೆಯಿರಿ.

ಹಂತ 2: ಮೊದಲು ಕಿವಿ. ಅದಕ್ಕೆ ಮೆಟ್ರೊ

ಕಿವಿ ತಯಾರಿಲ್ಲದೆ ಬಾಯಿ ತೆರೆದರೆ, ಎದುರಿನವರು ತಿರುಗಿ ಏನಾದರೂ ಕೇಳಿದ ಕೂಡಲೇ ಕಕ್ಕಾಬಿಕ್ಕಿಯಾಗುತ್ತೀರಿ. ಕಿವಿ ಪಳಗಿಸಲು ಈ ಊರಿನಲ್ಲಿ ನಮ್ಮ ಮೆಟ್ರೊಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಒಂದೇ ಮಾತನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಪ್ರತಿ ನಿಲ್ದಾಣಕ್ಕೂ ಅದೇ ಧಾಟಿ. 2024ರ ಜುಲೈನಲ್ಲಿ ತೀರಿಕೊಂಡ ನಿರೂಪಕಿ ಅಪರ್ಣಾ ಅವರ ಅಚ್ಚುಕಟ್ಟಾದ ಕನ್ನಡ ದನಿಯಿಂದಲೇ ಎಷ್ಟೋ ಜನರಿಗೆ ಮೆಟ್ರೊ ಪರಿಚಯವಾದದ್ದು. ಆ ದನಿಯ ಬೆನ್ನಿಗೇ ಬರುವ ಇಂಗ್ಲಿಷ್ ನಮ್ಮ ಪಾಠ.

ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 37 ನಿಲ್ದಾಣ. ನೀವು ಹತ್ತು ನಿಲ್ದಾಣ ಹೋದರೂ ಒಂದೇ ವಾಕ್ಯ ಹತ್ತು ಸಲ ಕಿವಿಗೆ ಬೀಳುತ್ತದೆ. ಹೆಡ್‌ಫೋನ್ ತೆಗೆಯಿರಿ. 'ನೆಕ್ಸ್ಟ್ ಸ್ಟೇಷನ್ ಈಸ್...', 'ಡೋರ್ಸ್ ವಿಲ್ ಓಪನ್ ಆನ್ ದ ಲೆಫ್ಟ್' ಎನ್ನುವಂಥ ವಾಕ್ಯವನ್ನು ತುಟಿ ಅಲ್ಲಾಡಿಸಿ ಹಿಂಬಾಲಿಸಿ. ಯಾರೂ ನೋಡುವುದಿಲ್ಲ, ಎಲ್ಲರ ತಲೆಯೂ ಫೋನಿನಲ್ಲಿರುತ್ತದೆ.

ಬರೀ ಕೇಳಿದರೆ ಆಗಲಿಲ್ಲ. ಇಳಿದ ಮೇಲೆ ಅದೇ ವಾಕ್ಯಕ್ಕೆ ನಿಮ್ಮ ಬದುಕಿನ ಮಾತು ತುಂಬಿ. ಬಾಗಿಲಿನ ಬದಲು ಅಂಗಡಿ: 'ದ ಶಾಪ್ ವಿಲ್ ಓಪನ್ ಅಟ್ ನೈನ್.' ಅಂಗಡಿಯ ಬದಲು ಮ್ಯಾನೇಜರ್: 'ದ ಮ್ಯಾನೇಜರ್ ವಿಲ್ ಕಮ್ ಅಟ್ ಟೆನ್.' ಫ್ಯೂಚರ್ ಟೆನ್ಸ್ ಅಂತ ಗ್ರಾಮರ್ ಪುಸ್ತಕ ಹೆದರಿಸುವ ಪಾಠ ಇದೇ. ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ.

ಹಂತ 3: ಬೋರ್ಡುಗಳು, ಆದರೆ ಹುಷಾರು

ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಿಗಿಯಾಯಿತು. ಉಳಿದ ಜಾಗದಲ್ಲಿ ಸಾಮಾನ್ಯವಾಗಿ ಅದೇ ವಿಷಯ ಇಂಗ್ಲಿಷಿನಲ್ಲಿರುತ್ತದೆ. ಎರಡನ್ನೂ ಜೋಡಿಸಿ ಓದಿ. ದಿನಕ್ಕೊಂದು ಬೋರ್ಡಿನ ಫೋಟೊ ಸಾಕು. 'ವರ್ಕ್ ಇನ್ ಪ್ರೋಗ್ರೆಸ್', 'ಟೇಕ್ ಡೈವರ್ಷನ್' ಅನ್ನುವುದಂತೂ ಈ ಊರಿನಲ್ಲಿ ಬೇಡವೆಂದರೂ ಬಾಯಿಪಾಠವಾಗುತ್ತದೆ.

ಆದರೆ ಬೋರ್ಡಿನಿಂದ ಪದ ಕಲಿಯಿರಿ, ವ್ಯಾಕರಣ ಬೇಡ. ಜಾಗ ಉಳಿಸಲು ಅವರು ಅರ್ಧ ವಾಕ್ಯ ನುಂಗಿರುತ್ತಾರೆ. ಸ್ಪೆಲ್ಲಿಂಗ್ ಅಂತೂ ಬರೆದವರ ಮರ್ಜಿ.

ಹಂತ 4: ಜೋಡಿ ಓದು, ಜೋಡಿ ನೋಟ

ಇದು ಇಡೀ ಮಾರ್ಗದರ್ಶಿಯ ಮುಖ್ಯ ಭಾಗ. ಬೇರೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಒಂದೇ ಸಂಸ್ಥೆಯ ಪತ್ರಿಕೆಗಳು. ಎರಡೂ ಶುರುವಾಗಿದ್ದು 1948ರಲ್ಲಿ. ನಗರದ ಒಂದೇ ಸುದ್ದಿ ಎರಡರಲ್ಲೂ ಬಂದಿರುತ್ತದೆ. ಒಂದು ಇನ್ನೊಂದರ ಅನುವಾದ ಅಲ್ಲ, ಆದರೆ ಘಟನೆ ಒಂದೇ. ಹೀಗೆ ಮಾಡಿ: ಮೊದಲು ಕನ್ನಡದಲ್ಲಿ ಸುದ್ದಿ ಪೂರ್ತಿ ಓದಿ. ಇಂಗ್ಲಿಷಿನಲ್ಲಿ ಯಾವ ಪದಗಳು ಬಂದಿರಬಹುದು ಅಂತ ಊಹಿಸಿ. ಆಮೇಲೆ ಇಂಗ್ಲಿಷ್ ಸುದ್ದಿಯ ಮೊದಲ ನಾಲ್ಕು ವಾಕ್ಯ ಮಾತ್ರ ಓದಿ. ಸುದ್ದಿಯ ಜೀವ ಅಲ್ಲೇ ಇರುತ್ತದೆ, ಕೆಳಗಿನದೆಲ್ಲ ಅವರಿವರು ಹೇಳಿದ್ದು. ಗೊತ್ತಿಲ್ಲದ ಪದಗಳಲ್ಲಿ ಐದನ್ನು ಮಾತ್ರ ಆರಿಸಿ ಬರೆದುಕೊಳ್ಳಿ. ಪತ್ರಿಕೆ ಮಡಚಿಟ್ಟು, ಆ ಸುದ್ದಿಯನ್ನು ಮೂರು ಇಂಗ್ಲಿಷ್ ವಾಕ್ಯದಲ್ಲಿ ಜೋರಾಗಿ ಹೇಳಿ. ತಪ್ಪಾದರೆ ಆಗಲಿ.

ಸಂಪಾದಕೀಯ ಮುಟ್ಟಬೇಡಿ. ಕ್ರಿಕೆಟ್ ಗೊತ್ತಿದ್ದರೆ ಕ್ರಿಕೆಟ್ ಓದಿ, ಇಲ್ಲದಿದ್ದರೆ ನಗರದ ಪುಟ. ನಗರದ ಪುಟದಲ್ಲಿ ಒಂದು ಅನುಕೂಲ ಇದೆ: ಬೆಂಗಳೂರಿನ ಗೋಳು ಪ್ರತಿ ವರ್ಷ ಅದೇ. ಮಳೆ ಬಂದರೆ 'ವಾಟರ್‌ಲಾಗಿಂಗ್', 'ಅಪ್‌ರೂಟೆಡ್ ಟ್ರೀಸ್', 'ಪವರ್ ಕಟ್', 'ಕಮ್ಯೂಟರ್ಸ್ ಸ್ಟ್ರಾಂಡೆಡ್'. ಬೇಸಿಗೆ ಬಂದರೆ 'ಬೋರ್‌ವೆಲ್', 'ಟ್ಯಾಂಕರ್', 'ಶಾರ್ಟೇಜ್'. 2024ರ ಬೇಸಿಗೆಯಲ್ಲಿ ನೀರಿಗೆ ಪರದಾಡಿದವರಿಗೆ ಈ ಪದಗಳ ಅರ್ಥವನ್ನು ಯಾವ ಡಿಕ್ಷನರಿಯೂ ಹೇಳಿಕೊಡಬೇಕಾಗಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಬಿಡದೆ ಓದಿದರೆ ನಗರದ ಪುಟದ ಬಹುಪಾಲು ಪದ ನಿಮ್ಮದಾಗುತ್ತದೆ.

ಎರಡನೇ ಜೋಡಿ, ಹೈಗ್ರೌಂಡ್ಸಿನ ಜವಾಹರಲಾಲ್ ನೆಹರೂ ತಾರಾಲಯ. ಅಲ್ಲಿ ಆಕಾಶದ ಪ್ರದರ್ಶನ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಮೊದಲು ಕನ್ನಡದ್ದು ನೋಡಿ. ಸ್ವಲ್ಪ ದಿನ ಬಿಟ್ಟು, ಅದೇ ಪ್ರದರ್ಶನ ಇಂಗ್ಲಿಷಿನಲ್ಲಿ ನೋಡಿ. ಕತ್ತಲಲ್ಲಿ ಚಿತ್ರ ಎದುರಿಗಿರುತ್ತದೆ, ಕಥೆ ಗೊತ್ತಿರುತ್ತದೆ, ಹೇಳುವವರು ನಿಧಾನವಾಗಿ ಸ್ಪಷ್ಟವಾಗಿ ಹೇಳುತ್ತಾರೆ. ಕಿವಿಗೆ ಬೇರೇನು ಬೇಕು? ಸೋಮವಾರ ರಜೆ, ಉಳಿದ ದಿನದ ಸಮಯ ನೋಡಿಕೊಂಡು ಹೋಗಿ.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮೂರನೆಯದು. ಅಲ್ಲಿ ಒಂದು ಬಟನ್ ಒತ್ತಿದರೆ ಏನೋ ತಿರುಗುತ್ತದೆ, ಪಕ್ಕದಲ್ಲಿ ವಿವರಣೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ಕಣ್ಣೆದುರು ನಡೆದದ್ದನ್ನೇ ವಾಕ್ಯ ಹೇಳುತ್ತದೆ. 'ವೆನ್ ಯು ಪ್ರೆಸ್', 'ಇಫ್ ಯು ಟರ್ನ್' ಎನ್ನುವ ಧಾಟಿ ಮೈಗೂಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋದರೆ ನಿಮ್ಮ ಓದಿಗೆ ನೆಪವೂ ಸಿಕ್ಕಿತು.

ಮಕ್ಕಳ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಮಕ್ಕಳ ಕಥೆಗಳು ಉಚಿತ. ಎಷ್ಟೋ ಕಥೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇವೆ. ಓದಿನ ಮಟ್ಟ 1ರಿಂದ 4ರವರೆಗೆ ಗುರುತು ಹಾಕಿದ್ದಾರೆ. ವಯಸ್ಸು ಮೂವತ್ತಾದರೂ 1ರಿಂದಲೇ ಶುರು ಮಾಡಿ. ಮಗುವಿಗೆ ಓದಿ ಹೇಳುವವರನ್ನು ನೋಡಿ ಯಾರೂ ನಗುವುದಿಲ್ಲ, ಅಲ್ವಾ?

ಹಂತ 5: ಕೌಂಟರಿನಲ್ಲಿ ಬಾಯಿ ತೆರೆಯುವುದು

ಕೌಂಟರಿನ ಮಾತು ಸುಲಭ. ಯಾಕೆಂದರೆ ಅದಕ್ಕೆ ಕಟ್ಟು ಇದೆ. ಚರ್ಚ್ ಸ್ಟ್ರೀಟಿನ ಕೆಫೆಗೆ ಹೋಗಿ. ಅಲ್ಲಿನವರು ಕೇಳುವುದು ಮೂರೋ ನಾಲ್ಕೋ ಪ್ರಶ್ನೆ: ಇಲ್ಲೇ ಕುಡಿಯುತ್ತೀರಾ ಪಾರ್ಸೆಲ್ಲಾ, ಬಿಸಿಯಾ ತಣ್ಣಗಾ, ಇನ್ನೇನಾದರೂ ಬೇಕಾ, ದುಡ್ಡು ಹೇಗೆ ಕೊಡುತ್ತೀರಿ. ಎಲ್ಲರೂ ಉತ್ತರ ಬಾಯಿಪಾಠ ಮಾಡುತ್ತಾರೆ. ನೀವು ಪ್ರಶ್ನೆ ಕಲಿಯಿರಿ. 'ಫಾರ್ ಹಿಯರ್ ಆರ್ ಟೇಕ್‌ಅವೇ?' ಅಂತ ಅವರು ಒಂದೇ ಉಸಿರಿಗೆ ಹೇಳಿದಾಗ ಅದು ಒಂದೇ ಪದದ ಹಾಗೆ ಕೇಳುತ್ತದೆ. ಮೊದಲ ಸಲ ಸಾಲಿನಲ್ಲಿ ಮುಂದಿರುವವರ ಮಾತು ಕೇಳಿಸಿಕೊಂಡರೆ, ನಿಮ್ಮ ಸರದಿ ಬಂದಾಗ ದಿಗಿಲಿಲ್ಲ.

ಮರ್ಯಾದೆಯ ವಿಷಯದಲ್ಲಿ ಒಂದು ಗುಟ್ಟಿದೆ. ನಮ್ಮಲ್ಲಿ 'ನೀರು ಕೊಡು', 'ನೀರು ಕೊಡ್ತೀರಾ' ಎರಡರ ನಡುವೆ ಎಷ್ಟು ದೂರ! ಇಂಗ್ಲಿಷಿನಲ್ಲಿ 'ನೀನು', 'ನೀವು' ಎರಡಕ್ಕೂ ಒಂದೇ ಪದ. ಆದ್ದರಿಂದ ನಾವು ಮಾತುಮಾತಿಗೂ 'ಸರ್', 'ಮೇಡಂ' ಸೇರಿಸುತ್ತೇವೆ. ಇಂಗ್ಲಿಷಿನ ಮರ್ಯಾದೆ ಇರುವುದು ಪ್ರಶ್ನೆಯ ರೂಪದಲ್ಲಿ. 'ಗಿವ್ ಮಿ ವಾಟರ್ ಸರ್' ಅಂದರೂ ಅದು ಆಜ್ಞೆಯೇ. 'ಕುಡ್ ಐ ಗೆಟ್ ಸಮ್ ವಾಟರ್?' ಅಂದರೆ ಸರ್ ಇಲ್ಲದಿದ್ದರೂ ನಡೆಯುತ್ತದೆ. 'ಕುಡ್ ಐ', 'ಕುಡ್ ಯು' ಎರಡನ್ನು ಹಿಡಿದುಕೊಂಡರೆ ಅರ್ಧ ಕೌಂಟರ್ ಗೆದ್ದಂತೆ.

ಎಲ್ಲಿ ಬೇಡ ಅನ್ನುವುದನ್ನೂ ಹೇಳಬೇಕು. ದರ್ಶಿನಿಯಲ್ಲಿ ಬೇಡ. ಹಿಂದೆ ಹತ್ತು ಜನ ಟೋಕನ್ನಿಗೆ ಕಾದಿರುತ್ತಾರೆ. ಸೊಪ್ಪಿನವರ ಹತ್ತಿರ, ಆಟೊದವರ ಹತ್ತಿರ ಬೇಡವೇ ಬೇಡ. ಒಳ್ಳೆಯ ಕನ್ನಡ ಮಾತಾಡುವವರ ಮುಂದೆ ಇಂಗ್ಲಿಷ್ ಪ್ರಾಕ್ಟೀಸ್ ಮಾಡುವುದು ನೋಡಲೂ ಚೆನ್ನಾಗಿರುವುದಿಲ್ಲ. ಆಸ್ಪತ್ರೆಯಲ್ಲಂತೂ ನೋವು ಎಲ್ಲಿದೆ, ಎಷ್ಟು ದಿನದಿಂದ ಅನ್ನುವುದನ್ನು ಕನ್ನಡದಲ್ಲೇ ಹೇಳಿ. ಡಾಕ್ಟರಿಗೆ ಕನ್ನಡ ಬಾರದಿದ್ದರೆ ನರ್ಸಮ್ಮನವರನ್ನು ಕರೆಯಿರಿ. ಅಲ್ಲಿ ತಪ್ಪು ಅರ್ಥವಾದರೆ ದುಬಾರಿ.

ಹಂತ 6: ಮುಖ ಕಾಣದ ಫೋನು

ಎದುರಿಗಿದ್ದರೆ ಕೈಸನ್ನೆಯಾದರೂ ಇರುತ್ತದೆ. ಫೋನಿನಲ್ಲಿ ಅದೂ ಇಲ್ಲ. ಅದಕ್ಕೇ ಇದು ಆರನೇ ಹಂತ. ಇಲ್ಲಿ ನನ್ನ ಸಲಹೆ ಕಸ್ಟಮರ್ ಕೇರ್. ನಿಮ್ಮ ಸಿಮ್ಮಿನದೋ ಗ್ಯಾಸಿನದೋ ನಿಜವಾದ ತಕರಾರು ಇದ್ದಾಗ, ಭಾಷೆ ಆರಿಸುವ ಕಡೆ ಇಂಗ್ಲಿಷ್ ಒತ್ತಿ. ತಕರಾರು ನಿಮಗೆ ಚೆನ್ನಾಗಿ ಗೊತ್ತು. ಆ ಕಡೆಯವರಿಗೆ ನಿಧಾನವಾಗಿ ಕೇಳಿಸಿಕೊಳ್ಳುವುದೇ ಕೆಲಸ. ಮೊದಲೇ ಮೂರು ವಾಕ್ಯ ಬರೆದಿಟ್ಟುಕೊಳ್ಳಿ: ಏನಾಗಿದೆ, ಯಾವಾಗಿನಿಂದ, ಏನು ಬೇಕು. ಅರ್ಥವಾಗದಿದ್ದರೆ 'ಕುಡ್ ಯು ಸೇ ದಟ್ ಅಗೇನ್, ಸ್ಲೋಲಿ?' ತೀರಾ ಕೈಕೊಟ್ಟರೆ ಕನ್ನಡಕ್ಕೆ ಬದಲಿಸಲು ಕೇಳಿ, ಅವಮಾನ ಏನಿಲ್ಲ. ಒಟಿಪಿ ಮಾತ್ರ ಯಾವ ಭಾಷೆಯಲ್ಲೂ ಹೇಳಬೇಡಿ. ನಂಬರನ್ನು ಬಿಲ್ಲಿನ ಮೇಲಿಂದ ನೋಡಿಯೇ ಒತ್ತಿ. ಹುಡುಕಿ ಸಿಕ್ಕಿದ ನಂಬರಿಗೆ ಮಾಡಿದರೆ ಮೋಸಗಾರರ ಕೈಗೆ ಬೀಳಬಹುದು.

ಫೋನಿನಲ್ಲಿ ನಮ್ಮವರು ಎಡವುವುದು ದೊಡ್ಡ ಮಾತಿನಲ್ಲಲ್ಲ, ಹೆಸರಿನ ಸ್ಪೆಲ್ಲಿಂಗಿನಲ್ಲಿ. ಎ, ಇ, ಐ ಮೂರೂ ಕಲಸಿಹೋಗುತ್ತವೆ. ಕನ್ನಡದ 'ಇ' ಬರೆಯಲು ಇಂಗ್ಲಿಷಿನ 'ಐ' ಬೇಕು, ಕನ್ನಡದ 'ಎ' ಬರೆಯಲು ಇಂಗ್ಲಿಷಿನ 'ಇ' ಬೇಕು. ಗೊಂದಲ ಆಗದೆ ಇರುತ್ತದೆಯೇ? ಜಿ ಮತ್ತು ಜೆ ಇನ್ನೊಂದು ಜೋಡಿ. ನಿಮ್ಮ ಹೆಸರು, ಅಪ್ಪನ ಹೆಸರು, ಊರು, ಮನೆ ವಿಳಾಸ, ಇಷ್ಟನ್ನು ಅಕ್ಷರ ಅಕ್ಷರ ಬಿಡಿಸಿ ಜೋರಾಗಿ ಹೇಳಿ ಪಳಗಿ. ಒಂದೊಂದು ಅಕ್ಷರಕ್ಕೂ ಒಂದು ಊರು ಇಟ್ಟುಕೊಳ್ಳಿ: ಎಂ ಫಾರ್ ಮೈಸೂರು, ಎಚ್ ಫಾರ್ ಹಾಸನ, ಡಿ ಫಾರ್ ದೆಹಲಿ. ಫೋನ್ ನಂಬರಿನಲ್ಲಿ ಬರುವ 'ಡಬಲ್', 'ಟ್ರಿಪಲ್' ಕೂಡ ಕೇಳಿಸಿಕೊಂಡು ಬರೆಯುವ ಅಭ್ಯಾಸ ಬೇಕು.

ಹಂತ 7: ಕನ್ನಡ ಕೊಟ್ಟು ಇಂಗ್ಲಿಷ್ ತೆಗೆದುಕೊಳ್ಳಿ

ಬೆಂಗಳೂರಿಗೆ ಹೊರಗಿನಿಂದ ಬಂದವರಲ್ಲಿ ಕನ್ನಡ ಬೇಕು ಅನ್ನುವವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅವರಿಗೆ ಹೇಳಿಕೊಡುವವರು ಇಲ್ಲ, ನಮಗೆ ಮಾತಾಡಿಸುವವರು ಇಲ್ಲ. ಪಿಜಿಯ ಪಕ್ಕದ ಕೋಣೆಯವರೋ, ಕೆಲಸದ ಜಾಗದವರೋ ಒಬ್ಬರನ್ನು ಹಿಡಿಯಿರಿ. ವಾರಕ್ಕೆರಡು ಸಲ ಲಾಲ್‌ಬಾಗಿನಲ್ಲೋ ಹತ್ತಿರದ ಕೆರೆ ಏರಿ ಮೇಲೋ ಅರ್ಧ ಗಂಟೆ ನಡೆಯಿರಿ. ಹೋಗುವಾಗ ಕನ್ನಡ, ಬರುವಾಗ ಇಂಗ್ಲಿಷ್.

ಯಾರನ್ನು ಆರಿಸುತ್ತೀರಿ ಅನ್ನುವುದು ಮುಖ್ಯ. ಇಬ್ಬರಿಗೂ ಹಿಂದಿ ಬಂದರೆ ಮಾತು ಹತ್ತು ನಿಮಿಷದಲ್ಲಿ ಹಿಂದಿಗೆ ಜಾರುತ್ತದೆ. ಅದರ ಬದಲು ಕೇರಳದವರೋ ಮಣಿಪುರದವರೋ ಆದರೆ, ನಿಮ್ಮಿಬ್ಬರ ನಡುವೆ ಇಂಗ್ಲಿಷ್ ಬಿಟ್ಟು ಬೇರೆ ಸೇತುವೆ ಇರದಿರುವ ಸಾಧ್ಯತೆ ಹೆಚ್ಚು. ಅವರ ಇಂಗ್ಲಿಷೂ ಶಾಲೆಯಲ್ಲಿ ಕಲಿತದ್ದೇ. ಹಾಗಾಗಿ ನಿಮ್ಮ ತಡವರಿಕೆ ಅವರಿಗೆ ಅರ್ಥವಾಗುತ್ತದೆ.

ಒಂದು ಒಪ್ಪಂದ ಇರಲಿ. ಮಾತಿನ ನಡುವೆ ತಿದ್ದುವುದು ಬೇಡ. ನಡಿಗೆ ಮುಗಿದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಎರಡು ಮೂರು ತಪ್ಪು ಮಾತ್ರ ಹೇಳಿ. ಮಧ್ಯೆ ತಿದ್ದಿಸಿಕೊಂಡವರ ಬಾಯಿ ಮುಂದಿನ ವಾಕ್ಯಕ್ಕೆ ತೆರೆಯುವುದಿಲ್ಲ.

ಕನ್ನಡ ಬಾಯಿಗೆ ಬರುವ ತಪ್ಪುಗಳು

ನಮ್ಮ ತಪ್ಪುಗಳಿಗೆ ಕಾರಣ ದಡ್ಡತನ ಅಲ್ಲ. ಕನ್ನಡದ ಕಟ್ಟು ಬೇರೆ, ಇಂಗ್ಲಿಷಿನ ಕಟ್ಟು ಬೇರೆ. 'ಮೂರು ದಿನದಿಂದ ಜ್ವರ' ಅನ್ನುವ ನಮ್ಮ ಧಾಟಿ 'ಸಿನ್ಸ್ ತ್ರೀ ಡೇಸ್' ಆಗುತ್ತದೆ. ಎಷ್ಟು ದಿನ ಅಂತ ಹೇಳುವಾಗ 'ಫಾರ್ ತ್ರೀ ಡೇಸ್', ಯಾವ ದಿನದಿಂದ ಅಂತ ಹೇಳುವಾಗ 'ಸಿನ್ಸ್ ಮಂಡೇ'. 'ನನಗೆ ಇಬ್ಬರು ಮಕ್ಕಳಿದ್ದಾರೆ' ಅನ್ನುವುದು 'ಐ ಆಮ್ ಹ್ಯಾವಿಂಗ್ ಟು ಚಿಲ್ಡ್ರನ್' ಆಗಿಬಿಡುತ್ತದೆ. 'ಐ ಹ್ಯಾವ್' ಸಾಕು. ಪ್ರಶ್ನೆ ಕೇಳುವಾಗ ನಾವು ಪದಗಳ ಜಾಗ ಬದಲಿಸುವುದಿಲ್ಲ. ಅದಕ್ಕೇ 'ವೇರ್ ಯು ಆರ್ ಗೋಯಿಂಗ್?' ಬಾಯಿಗೆ ಬರುತ್ತದೆ. 'ವೇರ್ ಆರ್ ಯು ಗೋಯಿಂಗ್?' ಅನ್ನುವುದನ್ನು ಹಾಡಿನ ಹಾಗೆ ನೂರು ಸಲ ಹೇಳಿಯೇ ಕೂರಿಸಬೇಕು.

'ನಿನ್ನೆನೇ ಬಂದೆ' ಅನ್ನುವ ಒತ್ತು 'ಐ ಕೇಮ್ ಯೆಸ್ಟರ್ಡೇ ಓನ್ಲಿ' ಆಗುವುದಿದೆ. ಇದರ ಬಗ್ಗೆ ನನಗೆ ತಕರಾರಿಲ್ಲ. ಬೆಂಗಳೂರಿನಲ್ಲಿ ಇಂಜಿನಿಯರುಗಳೂ ಹೀಗೇ ಮಾತಾಡುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ. ಇಮೇಲಿನಲ್ಲಿ, ಇಂಟರ್‌ವ್ಯೂನಲ್ಲಿ ಬಿಟ್ಟರೆ ಸಾಕು.

ಉಚ್ಚಾರಣೆಯಲ್ಲಿ ಎರಡು ಗಮನಿಸಿ. ಪದದ ಶುರುವಿನಲ್ಲಿ ಎಕಾರ ಬಂದರೆ ನಾವು ಯಕಾರ ಸೇರಿಸುತ್ತೇವೆ, ಎಗ್ ಹೋಗಿ ಯೆಗ್ ಆಗುತ್ತದೆ. ಪದದ ಕೊನೆಯಲ್ಲಿ ಉಕಾರ ಅಂಟಿಸುತ್ತೇವೆ, ಬಸ್ ಹೋಗಿ ಬಸ್ಸು. ಕನ್ನಡ ಮಾತಾಡುವಾಗ ಬಸ್ಸೇ ಸರಿ. ಇಂಗ್ಲಿಷ್ ಮಾತಾಡುವಾಗ ಬಾಲ ಕತ್ತರಿಸಿ. ಉಳಿದಂತೆ ಅಮೆರಿಕದವರ ಹಾಗೆ ಮಾತಾಡಲು ಹೋಗಬೇಡಿ. ನಮ್ಮ ದನಿ ನಮ್ಮದೇ ಇರಲಿ.

ಹಂತ 8: ಭಾನುವಾರಗಳು

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ ನಿಮಗೆ ಗೊತ್ತೇ ಇರುತ್ತದೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಲ್ಲಿ, ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಕಡಿಮೆ ಬೆಲೆಗೆ ಸಿಗುತ್ತದೆ. ಕಥೆಗಿಂತ ನಿಮ್ಮ ಕಸುಬಿನ ಪುಸ್ತಕ ತೆಗೆದುಕೊಳ್ಳಿ: ಅಡುಗೆ, ಬೈಕ್ ರಿಪೇರಿ, ಹೊಲಿಗೆ. ಕೆಲಸ ಗೊತ್ತಿರುವವರಿಗೆ ಆ ಇಂಗ್ಲಿಷ್ ಬೇಗ ಹತ್ತುತ್ತದೆ.

ಬಸವನಗುಡಿಯಲ್ಲಿ 1945ರಿಂದ ಇರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಈ ಎರಡು ಕಡೆ ಇಂಗ್ಲಿಷ್ ಉಪನ್ಯಾಸ ನಡೆಯುತ್ತಿರುತ್ತವೆ, ಹೆಚ್ಚಿನವಕ್ಕೆ ಟಿಕೆಟ್ ಇಲ್ಲ. ಇದು ಆರು ತಿಂಗಳ ನಂತರದ ಮಾತು. ಉಪನ್ಯಾಸ ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ಕೊನೆಯ ಪ್ರಶ್ನೋತ್ತರಕ್ಕೆ ಕಿವಿ ಕೊಡಿ. ದೊಡ್ಡ ದೊಡ್ಡವರೂ ಅಲ್ಲಿ ತಡವರಿಸುತ್ತಾರೆ, ವಾಕ್ಯ ಅರ್ಧಕ್ಕೆ ಬಿಟ್ಟು ಮತ್ತೆ ಶುರು ಮಾಡುತ್ತಾರೆ. ಅದನ್ನು ಕೇಳಿದರೆ ನಿಮ್ಮ ಅರ್ಧ ಅಂಜಿಕೆ ಹೋಗುತ್ತದೆ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಬೇಕೇ? ದುಡ್ಡು ಕಟ್ಟುವ ಮೊದಲು ಒಂದು ದಿನ ಸುಮ್ನೆ ಕೂತು ನೋಡಿ. ಮೇಷ್ಟ್ರು ಜಾಸ್ತಿ ಮಾತಾಡುತ್ತಿದ್ದರೆ ಎದ್ದು ಬನ್ನಿ. ಕಲಿಯುವವರು ಜಾಸ್ತಿ ಮಾತಾಡುತ್ತಿದ್ದರೆ ಸೇರಿ.

ಮುಂದೆ ಹೋಗುತ್ತಿದ್ದೀರೋ ಇಲ್ಲವೋ ತಿಳಿಯುವುದು

ತಿಂಗಳಿಗೊಮ್ಮೆ ಫೋನಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ. ವಿಷಯ ಪ್ರತಿ ಸಲ ಒಂದೇ ಇರಲಿ, 'ನನ್ನ ಕೆಲಸದ ಒಂದು ದಿನ' ಅಂತ. ಎರಡು ನಿಮಿಷ ಸಾಕು. ಬರೆದು ಓದಬೇಡಿ. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಕೇಳುವಾಗ ವ್ಯಾಕರಣ ನೋಡಬೇಡಿ, ಎಷ್ಟು ಕಡೆ ನಿಂತಿರಿ, ಎಷ್ಟು ಹೊತ್ತು ನಿಂತಿರಿ ಅನ್ನುವುದನ್ನು ನೋಡಿ. ಪದ ಸಿಗದೆ ನಿಂತ ಜಾಗಗಳನ್ನು ಬರೆದುಕೊಳ್ಳಿ. ಮುಂದಿನ ತಿಂಗಳ ಪಟ್ಟಿ ಅದೇ.

ಎದುರಿನವರು ನಿಮ್ಮ ತಡವರಿಕೆ ಕೇಳಿ ತಾವೇ ಕನ್ನಡಕ್ಕೆ ತಿರುಗುವುದೂ ಉಂಟು. ಪಾಪ, ಸಹಾಯಕ್ಕೇ ಮಾಡುತ್ತಾರೆ. ಆಗ ನಕ್ಕು, 'ಐ ಆಮ್ ಲರ್ನಿಂಗ್, ಕುಡ್ ವಿ ಸ್ಪೀಕ್ ಇನ್ ಇಂಗ್ಲಿಷ್?' ಅನ್ನಿ. ಅವರಿಗೆ ಅವಸರ ಇಲ್ಲದಿದ್ದರೆ ಖಂಡಿತ ಮಾತಾಡುತ್ತಾರೆ.